ಮೂಳೆಯೊಳಗಿನ ಮಚ್ಚೆ

ನಮ್ಮ ಚಂದ್ರಗುತ್ತಿಯಲ್ಲಿ ಗಡ್ಡೆ ಎಂದರೆ ಕ್ಯಾನ್ಸರ್ ಎಂದೇ ಅರ್ಥ. ಬೆನ್ನುನೋವಿಗೆಂದು ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದಾಗ ಅಮ್ಮನ ವರದಿಯಲ್ಲಿ 'ಹೆಮಾಂಜಿಯೋಮಾ' ಎಂದಿತ್ತು. ಅದು ಬೆನ್ನುಮೂಳೆಯೊಳಗಿನ ಗಡ್ಡೆ ಎಂದು ಯಾರೋ ಬಿಡಿಸಿ ಹೇಳಿದ ಮೇಲೆ ಅಮ್ಮ ಗದ್ದೆಗಿಳಿಯಲಿಲ್ಲ. ರೇಣುಕಾಂಬೆಗೆ ಹರಕೆ ಹೊತ್ತಳು. ತಂಗಿಯ ಮದುವೆ ಬೇಗ ಮುಗಿಸಿಬಿಡೋಣ ಎಂದಳು.

ಪಿಎಚ್‌.ಡಿ.ಗಾಗಿ ಶಾಸನ ಓದುವ ನಾನು ಆ ವಾರ ಈ ಒಂದು ಪದದ ಹಿಂದೆ ಬಿದ್ದೆ. ಹೆಮಾಂಜಿಯೋಮಾ ಎಂದರೆ ರಕ್ತನಾಳಗಳೇ ಹೆಣೆದುಕೊಂಡು ಆದ ಗಂಟು. ಅದು ಕ್ಯಾನ್ಸರ್ ಅಲ್ಲ, ದೇಹದಲ್ಲಿ ಬೇರೆಡೆಗೆ ಹರಡುವುದೂ ಇಲ್ಲ. ಶವಪರೀಕ್ಷೆಗಳ ಪ್ರಕಾರ ಸುಮಾರು ಹತ್ತರಲ್ಲಿ ಒಬ್ಬರ ಬೆನ್ನುಮೂಳೆಯಲ್ಲಿ ಇದು ಇರುತ್ತದೆ. ಬಹುತೇಕರಿಗೆ ಸಾಯುವವರೆಗೂ ಗೊತ್ತೇ ಆಗುವುದಿಲ್ಲ. "ಚರ್ಮದ ಮೇಲೆ ಮಚ್ಚೆ ಇರುತ್ತಲ್ಲ, ಮೂಳೆಯೊಳಗೆ ಇದೂ ಹಾಗೇ ಅಂದುಕೊಳ್ಳಿ" ಎಂದರು ಆಮೇಲೆ ನಾವು ಕಂಡ ಮೂಳೆ ವೈದ್ಯರು.

ಅದನ್ನು ಗುರುತಿಸಲು ಸಾಮಾನ್ಯವಾಗಿ ಸೂಜಿ ಚುಚ್ಚಬೇಕಿಲ್ಲ. ಚುಚ್ಚಿದರೆ ರಕ್ತಸ್ರಾವದ ಭಯವೂ ಉಂಟು. ಮೂಳೆಯ ಸಣ್ಣ ಎಳೆಗಳು ಸವೆದು, ಉಳಿದವು ದಪ್ಪವಾಗುತ್ತವೆ. ಅವು ಎಕ್ಸ್‌ರೇಯಲ್ಲಿ ಕಿಟಕಿಯ ಸರಳುಗಳಂತೆ ಉದ್ದುದ್ದ ಗೆರೆಗಳಾಗಿಯೂ ಸಿಟಿ ಸ್ಕ್ಯಾನ್‌ನ ಅಡ್ಡಸೀಳಿನಲ್ಲಿ ಚುಕ್ಕಿಗಳಾಗಿಯೂ ಕಾಣುತ್ತವೆ. ಒಳಗೆ ಕೊಬ್ಬು ಹೆಚ್ಚಿದ್ದರೆ ಎಂಆರ್‌ಐಯಲ್ಲಿ ಬೆಳ್ಳಗೆ ಹೊಳೆಯುತ್ತದೆ. ಅದು ಒಳ್ಳೆಯ ಲಕ್ಷಣ. ಅಮ್ಮನದು ಹಾಗೇ ಇತ್ತು.

ಅಪರೂಪಕ್ಕೆ ಇದು ಮೂಳೆಯಿಂದಾಚೆ ಬೆಳೆದು ಬೆನ್ನುಹುರಿಯನ್ನು ಒತ್ತುತ್ತದೆ. ಆಗ ರಕ್ತನಾಳ ಮುಚ್ಚುವುದು, ವಿಕಿರಣ, ಶಸ್ತ್ರಚಿಕಿತ್ಸೆ ಬೇಕಾಗುತ್ತವೆ. 1984ರಲ್ಲಿ ಫ್ರಾನ್ಸಿನ ಗಾಲಿಬೇರ್ ಮತ್ತು ಡೆರಾಮಾಂಡ್ ಎಂಬ ವೈದ್ಯರು ಕುತ್ತಿಗೆ ಮೂಳೆಯ ಇಂಥದೇ ಗಂಟಿಗೆ ಸೂಜಿಯಿಂದ ಸಿಮೆಂಟ್ ತುಂಬಿದರು. ಇಂದು ಕುಸಿದ ಬೆನ್ನುಮೂಳೆಗೆ ಎಲ್ಲೆಡೆ ಮಾಡುವ ವರ್ಟಿಬ್ರೋಪ್ಲಾಸ್ಟಿ ಹುಟ್ಟಿದ್ದು ಹೀಗೆ.

ಅಮ್ಮನಿಗೆ ಇದಾವುದೂ ಬೇಕಾಗಲಿಲ್ಲ. ವೈದ್ಯರು ವರದಿ ಬದಿಗಿಟ್ಟು, "ನೋವು ಎಲ್ಲಿ, ತೋರಿಸಿ" ಎಂದರು. ಅವಳ ಬೆರಳು ಸೊಂಟದ ಕೆಳಗೆ ನಿಂತಿತು. ಗಂಟು ಇದ್ದದ್ದು ಗೇಣುದ್ದ ಮೇಲೆ. ನೋವು ನಲವತ್ತು ವರ್ಷ ಬಗ್ಗಿ ನಾಟಿ ಮಾಡಿದ ಬೆನ್ನಿನದು.

ಸ್ಕ್ಯಾನ್ ಇರುವುದನ್ನೆಲ್ಲ ತೋರಿಸುತ್ತದೆ. ನೋಯುವುದು ಯಾವುದು ಎಂದು ಹೇಳುವುದಿಲ್ಲ. ಅದನ್ನು ರೋಗಿಯನ್ನೇ ಕೇಳಬೇಕು. ಕಾಲು ಜೋಮು ಹಿಡಿದರೆ, ನಡಿಗೆ ತಪ್ಪಿದರೆ, ಮೂತ್ರದ ಹಿಡಿತ ಹೋದರೆ ಒಂದು ದಿನವೂ ಕಾಯಬಾರದು ಎಂದು ವೈದ್ಯರು ಹೇಳಿ ಕಳಿಸಿದರು. ಅಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಿದ್ದಾಳೆ. ಬೆನ್ನು ಈಗಲೂ ನೋಯುತ್ತದೆ. ತಂಗಿ ಮಾತ್ರ ಎಂ.ಎ.ಗೆ ಸೇರಿದಳು.