ಎರಡು ಡೈರಿ

ನಂದಿಗುಡಿ ಕಡೆಯ ಯಾವ ಮನೆಯಲ್ಲೇ ಆಗಲಿ, ‘ಡೈರಿಗೆ ಹೋಗಿ ಬಾರೋ’ ಅಂದರೆ ಹುಡುಗ ಹಾಲಿನ ಕ್ಯಾನು ಎತ್ತಿಕೊಳ್ಳುತ್ತಾನೆ. ಹಾಲು ಅಳೆಸಬೇಕು, ಫ್ಯಾಟ್ ನೋಡಿಸಬೇಕು, ಪುಸ್ತಕದಲ್ಲಿ ಬರೆಸಬೇಕು. ಆ ಹಾಲು ಶಿಮುಲ್‌ ಒಕ್ಕೂಟಕ್ಕೆ ಸೇರಿ ನಂದಿನಿ ಪ್ಯಾಕೆಟ್ಟಾಗುತ್ತದೆ. ಅದೇ ಹುಡುಗನ ಶಾಲೆಯ ಚೀಲದಲ್ಲಿ ಇನ್ನೊಂದು ಡೈರಿ, ಹೋಂವರ್ಕ್ ಬರೆದುಕೊಳ್ಳುವುದಕ್ಕೆ. ನಮ್ಮ ಬಾಯಲ್ಲೂ ಎರಡೂ ಒಂದೇ, ನಮ್ಮ ಲಿಪಿಯಲ್ಲೂ ಒಂದೇ. ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಮಾತ್ರ ತಕರಾರು: ಡಿ ಆದಮೇಲೆ ಎ ಮೊದಲು ಬಂದರೆ ಹಾಲಿನದು, ಐ ಮೊದಲು ಬಂದರೆ ದಿನಚರಿ.

ಇಂಥ ತಪ್ಪಿಗೆ ಮಕ್ಕಳನ್ನು ಬೈಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕನ್ನಡ ಕಿವಿಗೆ ಬಿದ್ದಂತೆ ಬರೆಯುವ ಭಾಷೆ. ಇಂಗ್ಲಿಷ್ ಹಾಗಲ್ಲ. ಕ್ಯಾಕ್ಸ್‌ಟನ್ 1476ರಲ್ಲಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದಮೇಲೆ ಕಾಗುಣಿತ ನಿಧಾನಕ್ಕೆ ಗಟ್ಟಿಯಾಗುತ್ತ ಹೋಯಿತು, ಉಚ್ಚಾರಣೆ ತನ್ನ ಪಾಡಿಗೆ ಬದಲಾಗುತ್ತ ಹೋಯಿತು. ಆ ಬಿರುಕಿನ ಭಾರವನ್ನು ನಮ್ಮ ಸರ್ಕಾರಿ ಶಾಲೆಯ ಮಕ್ಕಳು 2007ರಿಂದ ಒಂದನೇ ಕ್ಲಾಸಿನಲ್ಲೇ ಹೊರುತ್ತಿದ್ದಾರೆ.

‘ಪ್ರಿನ್ಸಿಪಲ್’ ನೋಡಿ. ಕಾಲೇಜಿನಲ್ಲಿ ಅವರು ಮುಖ್ಯಸ್ಥರು. ಅಪ್ಪ ಬೆಳೆಸಾಲಕ್ಕೆ ರುಜು ಹಾಕುವ ಕಾಗದದಲ್ಲಿ ಅದೇ ಪದ ಅಂದರೆ ಅಸಲು. ಹರಿಹರದ ಗುಡಿಯ ಹರಿಹರೇಶ್ವರನ ಹಾಗೆ ಒಂದೇ ಮೈಯಲ್ಲಿ ಇಬ್ಬರು. ಎರಡರಲ್ಲೂ ‘ಮೊದಲನೆಯದು’ ಎಂಬ ಅರ್ಥವೇ ಇದೆ: ಕಾಲೇಜಿಗೆ ಮೊದಲಿಗರು, ಬಡ್ಡಿಗೆ ಮೊದಲಿನ ದುಡ್ಡು. ಇವೆರಡರ ಕೊನೆಗೂ ಎ ಎಲ್. ಕೊನೆಗೆ ಎಲ್ ಇ ಬಂತೆಂದರೆ ಅದು ಬೇರೆಯೇ ಪದ. ತತ್ವ, ನಿಯಮ, ಆರ್ಕಿಮಿಡೀಸನ ಸೂತ್ರ. ಸಾಲದ ಕಾಗದ ಮನೆಯಲ್ಲಿ ಇರುವುದರಿಂದ ಅದನ್ನೇ ತೋರಿಸಿ ಹೇಳಿಕೊಟ್ಟರೆ ಮಗುವಿಗೆ ಪದದ ಜೊತೆಗೆ ಮನೆಯ ಲೆಕ್ಕವೂ ತಿಳಿಯುತ್ತದೆ.

ಬೋರ್ಡುಗಳ ಮೇಲೆ ‘ಸ್ಟೇಷನರಿ’ ತಪ್ಪಿರುವುದು ಎಲ್ಲ ಊರಲ್ಲೂ ಉಂಟು. ಪೆನ್ನು ಪುಸ್ತಕ ಮಾರುವ ಅಂಗಡಿಗೆ ಇ ಆರ್ ವೈ, ನಿಂತಲ್ಲೇ ನಿಂತಿರುವುದಕ್ಕೆ ಎ ಆರ್ ವೈ. ಬೇರು ಮಾತ್ರ ಒಂದೇ: ಊರೂರು ಅಲೆಯದೆ ಒಂದೇ ಕಡೆ ಅಂಗಡಿ ಹೂಡಿದ ಪುಸ್ತಕದ ವ್ಯಾಪಾರಿಯಿಂದ ಆ ಹೆಸರು ಬಂತು. ಇನ್ನು ‘ಲೂಸ್’. ನಟ್ಟು ಸಡಿಲವಾದರೂ ಲೂಸು, ಕಳೆದುಕೊಂಡರೂ ಲೂಸು. ಕಳೆದುಕೊಳ್ಳುವುದರ ಕೊನೆಗೆ ದುಂಬಿ ಝೇಂಕರಿಸುವಂಥ ದನಿ ಇದೆ, ಓ ಅಕ್ಷರವೂ ಒಂದೇ. ಆ ದನಿಗೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ, ಆದ್ದರಿಂದ ಕಿವಿಗೆ ಮೊದಲು ಕೇಳಿಸಿ, ಆಮೇಲೆ ಬರೆಸಬೇಕು.

ಕಾಗುಣಿತದ ಪಟ್ಟಿ ಉರು ಹೊಡೆಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಭತ್ತದ ಸೀಮೆಯ ಮಗು ‘ಬೆಳೆ’ಗೂ ‘ಬೆಲೆ’ಗೂ ಎಂದಾದರೂ ಅದಲು ಬದಲು ಮಾಡಿದ್ದುಂಟೆ? ಯಾರೂ ಅದಕ್ಕೆ ಪಟ್ಟಿ ಕೊಟ್ಟಿರಲಿಲ್ಲ. ಬೆಳೆ ಗದ್ದೆಯಲ್ಲಿತ್ತು, ಬೆಲೆ ಅಪ್ಪನ ಮುಖದಲ್ಲಿತ್ತು. ‘ಅಫೆಕ್ಟ್’, ‘ಎಫೆಕ್ಟ್’ ಕಲಿಸುವ ಮೇಷ್ಟ್ರಿಗೆ ಅಲ್ಲೇ ವಾಕ್ಯ ಸಿಗುತ್ತದೆ. ಕೊಯ್ಲಿನ ಹೊತ್ತಿಗೆ ಬಂದ ಮಳೆ ಬೆಳೆಯನ್ನು ಅಫೆಕ್ಟ್ ಮಾಡಿತು. ಅದರ ಎಫೆಕ್ಟ್ ಬೆಲೆಯಲ್ಲಿ ಕಂಡಿತು.