ಫ್ಲಾರೆನ್ಸಿನ ದೊಡ್ಡಮನೆಗಳು

ಇಟಲಿಯ ಫ್ಲಾರೆನ್ಸ್ ಅಂದರೆ ನಮಗೆ ಬಿ.ಎ. ತರಗತಿಯಲ್ಲಿ ಕಲಿಸಿದ್ದು ಚಿತ್ರ, ಶಿಲ್ಪ, ಪುನರುಜ್ಜೀವನ. ಆ ಊರಿನ ಮನೆಗಳು ಯಾರವು, ಬಾಡಿಗೆ ಯಾರ ಕೈಗೆ ಹೋಗುತ್ತಿತ್ತು ಅಂತ ಪಾಠದಲ್ಲಿರಲಿಲ್ಲ. ಕೇರಿಯಿಂದ ಹೋದ ನಮ್ಮ ಕಣ್ಣು ಮೊದಲು ಬೀಳೋದು ಅಲ್ಲಿಗೇ.

ಹದಿಮೂರನೇ ಶತಮಾನದಲ್ಲಿ ಅಲ್ಲಿನ ಕುಲೀನ ಮನೆತನಗಳು ಒಂದೊಂದು ಬೀದಿಯನ್ನೇ ಹಿಡಿದು ಕೂತಿದ್ದವು. ನಡುವೆ ಕಲ್ಲಿನ ಗೋಪುರ. ಅದರಲ್ಲಿ ಅಣ್ಣತಮ್ಮಂದಿರಿಗೆ, ದಾಯಾದಿಗಳಿಗೆ, ಸ್ನೇಹದ ಮನೆತನಗಳಿಗೆ ಪಾಲು. ಜಗಳ ಬಂದರೆ ಮೇಲಿಂದ ಕಲ್ಲು. 1250ರಲ್ಲಿ ವ್ಯಾಪಾರಿ, ಕಸುಬುದಾರರ ಸರ್ಕಾರ ಬಂತು. ಗೋಪುರಗಳನ್ನು ಸುಮಾರು 29 ಮೀಟರಿಗೆ ಕಡಿಯಿರಿ ಅಂದಿತು. ಕಡಿದರು. ಆ ಕಲ್ಲುಗಳಲ್ಲಿ ನದಿಯಾಚೆ ಊರಗೋಡೆ ಕಟ್ಟಿದರೆಂದು ಅಲ್ಲಿನ ಚರಿತ್ರಕಾರ ವಿಲ್ಲಾನಿ ಬರೆದಿದ್ದಾನೆ. ಓದಿ ನಮಗೆ ಖುಷಿಯಾಯ್ತು, ಸುಳ್ಳು ಯಾಕೆ ಹೇಳೋಣ.

1293ರಲ್ಲಿ ನ್ಯಾಯದ ಕಟ್ಟಳೆಗಳು ಬಂದವು. ಈ ಮನೆತನದವರು ನಗರದ ಮುಖ್ಯ ಅಧಿಕಾರಕ್ಕೆ ಏರುವಂತಿಲ್ಲ. ಸಾಮಾನ್ಯನನ್ನು ಕೊಂದರೆ ತಲೆಯೂ ಹೋಗಬೇಕು, ಮನೆಯೂ ಉರುಳಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಿ: ಹೆಸರನ್ನೇ ಬಿಟ್ಟರು! ಟೊರ್ನಾಕ್ವಿಂಚಿ ಮನೆಯ ಒಂದು ಕವಲು 1393ರಲ್ಲಿ ಟೊರ್ನಬುವೊನಿ ಆಯ್ತು, 'ಜನಸಾಮಾನ್ಯ'ರ ಪಟ್ಟಿಗೆ ಸೇರಿತು. ಆಸ್ತಿ ಹಾಗೇ ಇತ್ತು. ಮುಂದೆ ಮೆಡಿಚಿಗಳ ಲೊರೆಂಜೊನಿಗೆ ತಾಯಿಯಾದವಳು ಇದೇ ಮನೆಯವಳು. ನಮ್ಮಲ್ಲೂ ಹೆಸರು ಬದಲಿಸಿದವರಿದ್ದಾರೆ, ಪೇಟೆಯಲ್ಲಿ ಬಾಡಿಗೆಗೊಂದು ಕೋಣೆ ಸಿಗಲಿ ಅಂತ.

ಉಣ್ಣೆ ತೊಳೆಯುವ, ಹಿಂಜುವ ಕೂಲಿಗಳಿಗೆ ಬಿಡೋಕೆ ಅಂಥ ಹೆಸರೂ ಇರಲಿಲ್ಲ. ಅವರನ್ನು ಚೊಂಪಿ ಅಂತ ಕರೆಯುತ್ತಿದ್ದರು. 1378ರಲ್ಲಿ ಎದ್ದರು, ಸರ್ಕಾರದ ಅರಮನೆಯನ್ನೇ ಹಿಡಿದರು. ಮುಂದೆ ನಿಂತವನು ಮಿಕೆಲೆ ದಿ ಲಾಂಡೊ. ಲಾಂಡೊನ ಮಗ ಮಿಕೆಲೆ, ಅಷ್ಟೇ. ಕೆಲವೇ ವಾರಗಳಲ್ಲಿ ಅವರ ಸಂಘವನ್ನು ಮುರಿದು ಹಾಕಿದರು. ಮುರಿಯುವವರ ಜೊತೆ ಮಿಕೆಲೆಯೂ ಇದ್ದ.

1427ರಲ್ಲಿ ತೆರಿಗೆಗಾಗಿ ಮನೆಮನೆಯ ಆಸ್ತಿ ಬರೆಸಿದರು. ಊರಿನ ಸುಮಾರು ಹತ್ತು ಸಾವಿರ ಮನೆಗಳಲ್ಲಿ ನೂರು ಮನೆಗಳ ಕೈಲಿ ಸಂಪತ್ತಿನ ಕಾಲು ಭಾಗಕ್ಕೂ ಹೆಚ್ಚು. ಆ ಪುಸ್ತಕಗಳು ಇವತ್ತಿಗೂ ಉಳಿದಿವೆ. 2016ರಲ್ಲಿ ಬರೋನೆ, ಮೊಚೆಟ್ಟಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅವುಗಳಲ್ಲಿನ ಮನೆತನದ ಹೆಸರುಗಳನ್ನು 2011ರ ತೆರಿಗೆ ಲೆಕ್ಕದ ಪಕ್ಕ ಇಟ್ಟು ನೋಡಿದರು. ಈಗ ಅತಿ ಹೆಚ್ಚು ಗಳಿಸುವ ಹೆಸರುಗಳು ಆರು ಶತಮಾನದ ಹಿಂದೆಯೂ ಮೇಲಿನ ಸಾಲಿನಲ್ಲೇ ಕೂತಿದ್ದವು.

ಕೂಲಿಗಳಲ್ಲಿ ಬಹಳ ಮಂದಿ ಆ ಪುಸ್ತಕದಲ್ಲಿ ಇಂಥವನ ಮಗ ಇಂಥವನು ಅಂತಷ್ಟೇ ಇದ್ದಾರೆ. ಅವರ ಮರಿಮಕ್ಕಳು ಈಗ ಯಾವ ಬೀದಿಯಲ್ಲಿದ್ದಾರೋ, ಹೆಸರು ಹಿಡಿದು ಹುಡುಕಲು ಬರುವುದಿಲ್ಲ.