ದವಾಖಾನೆಯಿಂದ ಮನೆಗೆ

ಜಡ್ಡು ಬಿದ್ದವರನ್ನು ದವಾಖಾನೆಗೆ ಒಯ್ಯುವ ದಾರಿ ನಮ್ಮ ಊರಿನ ಎಲ್ಲರಿಗೂ ಗೊತ್ತು. ಮೊದಲು ಅಕ್ಕಲಕೋಟ, ಅಲ್ಲಿ ಆಗದಿದ್ದರೆ ಅಲ್ಲಿಂದ ಸುಮಾರು ೪೦ ಕಿಲೋಮೀಟರು ದೂರದ ಸೊಲ್ಲಾಪುರ. ೨೦೧೪ರಿಂದ ೧೦೮ಕ್ಕೆ ಫೋನು ಮಾಡಿದರೆ ಗಾಡಿಯೂ ಬರುತ್ತದೆ. ಆದರೆ ದವಾಖಾನೆಯಿಂದ ಮನೆಗೆ ತಿರುಗಿ ಬರುವ ದಾರಿಯ ವಿಚಾರವನ್ನು ಯಾರೂ ಅಷ್ಟಾಗಿ ಮಾಡುವುದಿಲ್ಲ. ‘ಬಿಟ್ಟರು, ಇನ್ನು ಚಿಂತೆಯಿಲ್ಲ’ ಎಂದು ಪೇಢೆ ಹಂಚುತ್ತೇವೆ. ವಯಸ್ಸಾದವರ, ಅಂಗವಿಕಲರ ಪಾಲಿಗೆ ನಿಜವಾದ ಕಷ್ಟ ಶುರುವಾಗುವುದು ಆ ದಿನದಿಂದಲೇ.

ವಿಚಾರ ಮಾಡಿ ನೋಡಿರಿ. ದವಾಖಾನೆಯಲ್ಲಿ ಗಡಿಯಾರ ನೋಡಿ ಗುಳಿಗೆ ಕೊಡುವ ಸಿಸ್ಟರ್ ಇರುತ್ತಾರೆ. ಮಗ್ಗುಲು ಬದಲಿಸಲು, ಮಲಮೂತ್ರಕ್ಕೆ ಕರೆದೊಯ್ಯಲು ಕಲಿತ ಕೈಗಳಿರುತ್ತವೆ. ಮನೆಗೆ ಬಂದ ಮರುಗಳಿಗೆಯಿಂದ ಆ ಕೆಲಸವೆಲ್ಲ ಮನೆಯ ಸೊಸೆಯ ತಲೆಯ ಮೇಲೆ. ಅವಳಿಗೆ ಅದನ್ನು ಕಲಿಸಿಕೊಟ್ಟವರು ಯಾರು? ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ, ಜೀಪು ಕಾಯುತ್ತಿರುವಾಗ, ಐದು ನಿಮಿಷದಲ್ಲಿ ಹೇಳಿದ ಮಾತು ಎಷ್ಟು ನೆನಪಿರಲು ಸಾಧ್ಯ?

ನಮ್ಮ ಗಡಿಭಾಗದಲ್ಲಿ ಇದಕ್ಕೆ ಇನ್ನೊಂದು ತೊಡಕುಂಟು. ೧೯೫೬ರಲ್ಲಿ ಭಾಷಾವಾರು ಪ್ರಾಂತಗಳಾದಾಗ ಅಕ್ಕಲಕೋಟ ಮುಂಬಯಿ ರಾಜ್ಯದಲ್ಲಿ ಉಳಿಯಿತು. ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ನಮ್ಮ ಅಜ್ಜ ಅಜ್ಜಿಯರ ಮನೆಮಾತು ಕನ್ನಡವಾಗಿಯೇ ಉಳಿಯಿತು. ಡಾಕ್ಟರು ಮರಾಠಿಯಲ್ಲಿ ಹೇಳುತ್ತಾರೆ, ಡಿಸ್ಚಾರ್ಜ್ ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ಔಷಧ ತೆಗೆದುಕೊಳ್ಳಬೇಕಾದವರು ಕನ್ನಡ ಮಾತ್ರ ಬಲ್ಲವರು. ಮೂರು ಭಾಷೆಗಳ ನಡುವೆ ಒಂದು ಗುಳಿಗೆ ಕಳೆದುಹೋಗುವುದು ದೊಡ್ಡ ಮಾತಲ್ಲ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಹನ್ನೆರಡು ದಿನ ಪಟ್ಟಣದ ದವಾಖಾನೆಯಲ್ಲಿದ್ದು ಮನೆಗೆ ಬಂದರು. ಬಂದ ನಾಲ್ಕನೆಯ ದಿನಕ್ಕೆ ಕಣ್ಣು ಕತ್ತಲೆ ಬರುವುದು, ಎದ್ದು ಕೂಡಿಸಿದರೆ ತೂಗಿ ಬೀಳುವುದು ಶುರುವಾಯಿತು. ‘ಇನ್ನೇನು, ಅಜ್ಜೀದು ಮುಗೀತು’ ಎಂದು ನೆರೆಯವರು ಆಡಿಕೊಂಡರು. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮೊಮ್ಮಗಳು ಗುಳಿಗೆಯ ಚೀಲ ಹಿಡಿದುಕೊಂಡು ನನ್ನ ಬಳಿ ಬಂದಳು.

“ಸರ್, ಈ ಗುಳಿಗಿ ಅಜ್ಜಿ ಮೊದಲಿಂದ ತಗೋತಿದ್ದದ್ದು. ಇದು ದವಾಖಾನ್ಯಾಗ ಕೊಟ್ಟದ್ದು. ಮ್ಯಾಲಿನ ಹೆಸರು ಬ್ಯಾರೆ ಅದ, ಸಣ್ಣ ಅಕ್ಷರದಾಗ ಎರಡರ ಮ್ಯಾಲೂ ಒಂದೇ ಹೆಸರು ಐತ್ರಿ.”

ನೋಡಿದರೆ ಹೌದು! ಎರಡರ ಮೇಲೂ ‘ಆಮ್ಲೋಡಿಪಿನ್’ ಎಂದಿತ್ತು. ರಕ್ತದೊತ್ತಡ ಇಳಿಸುವ ಒಂದೇ ಔಷಧ, ಎರಡು ಕಂಪನಿಗಳ ಎರಡು ಹೆಸರು. ಹಳೆಯದನ್ನು ನಿಲ್ಲಿಸಬೇಕೆಂದು ಕಾರ್ಡಿನಲ್ಲಿ ಬರೆದಿರಲಿಲ್ಲ. ಕಾರ್ಡಿನ ಮೇಲಿದ್ದ ನಂಬರಿಗೆ ಒಡನೆಯೇ ಫೋನು ಮಾಡಿದೆವು. ಹಳೆಯದನ್ನು ಬಿಡಿರಿ, ನಾಳೆ ಬಿ.ಪಿ. ನೋಡಿಸಿರಿ ಎಂದರು ಡಾಕ್ಟರು. ವಾರದೊಳಗೆ ಅಜ್ಜಿ ಗೋಡೆಗೆ ಒರಗಿ ಕೂತು ಜೋಳದ ನುಚ್ಚು ಉಣ್ಣತೊಡಗಿದರು. ಆ ಹುಡುಗಿಗೆ ವೈದ್ಯಶಾಸ್ತ್ರ ಗೊತ್ತಿರಲಿಲ್ಲ. ಗಮನವಿಟ್ಟು ಓದುವುದು ಗೊತ್ತಿತ್ತು.

ಆದ್ದರಿಂದ ಪಾಲಕರಲ್ಲಿ ನನ್ನ ವಿನಂತಿ. ಬಿಡುವ ದಿನವಲ್ಲ, ಅದರ ಹಿಂದಿನ ದಿನವೇ ಡಾಕ್ಟರನ್ನು ಕೇಳಿರಿ. ಹಳೆಯ ಗುಳಿಗೆಗಳನ್ನೂ ಒಯ್ದು ತೋರಿಸಿ, ಯಾವುದು ಇರಬೇಕು ಯಾವುದು ಬೇಡ ಎಂದು ಬರೆಯಿಸಿಕೊಳ್ಳಿರಿ. ಮತ್ತೆ ಯಾವಾಗ ಬರಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಎಂಬುದನ್ನು ತಿಳಿದುಕೊಳ್ಳಿರಿ. ಎಬ್ಬಿಸುವುದು, ಕೂಡಿಸುವುದು ಹೇಗೆಂದು ಸಿಸ್ಟರ ಎದುರಿಗೇ ಒಮ್ಮೆ ಮಾಡಿ ನೋಡಿರಿ. ಲಕ್ವಾ ಹೊಡೆದ ಕೈಯನ್ನು ಹಿಡಿದು ಎಳೆದರೆ ಭುಜದ ಕೀಲು ಸರಿಯುತ್ತದೆ. ಹಾಸಿಗೆ ಹಿಡಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕೆ ಹೋಗಬಹುದು. ಕೂಡಿಸಿ ಉಣಿಸಬೇಕು, ಉಂಡ ಮೇಲೂ ಅರ್ಧ ತಾಸು ಕೂಡಿಸಬೇಕು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಅವರು ಬರುವ ಮೊದಲೇ ಪಡಸಾಲೆಯಲ್ಲಿ ಹೊರಸು ಹಾಕಿ, ಬಚ್ಚಲಿನ ಗೋಡೆಗೊಂದು ಹಿಡಿಕೆ ಬಡಿಸಿರಿ. ಅದಕ್ಕೆ ತಗಲುವ ಖರ್ಚು ಮುರಿದ ತೊಡೆಯೆಲುಬಿನ ಆಪರೇಶನ್ನಿಗಿಂತ ಬಹಳ ಕಡಿಮೆ.

ಸರಕಾರದ ನೆರವೂ ಇದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ದವಾಖಾನೆ ಬಿಟ್ಟ ಮೇಲಿನ ೧೫ ದಿನಗಳ ಖರ್ಚೂ ಸೇರಿದೆ. ೨೦೨೪ರ ಅಕ್ಟೋಬರದಿಂದ ೭೦ ವರ್ಷ ದಾಟಿದ ಎಲ್ಲರಿಗೂ ಆ ಕಾರ್ಡು ಸಿಗುತ್ತದೆ. ಕಾರ್ಡು ಮಾಡಿಸಿ ಇಟ್ಟಿರಬೇಕು, ಅಷ್ಟೆ.

ಬೇರೆ ಕಡೆಯವರು ಏನು ಮಾಡಿದ್ದಾರೆಂಬುದನ್ನೂ ನೋಡೋಣ. ಕೇರಳವು ೨೦೦೮ರಲ್ಲಿ ಒಂದು ಧೋರಣೆಯನ್ನು ಮಾಡಿ, ಹಾಸಿಗೆ ಹಿಡಿದವರ ಮನೆಗೆ ನರ್ಸು ಹೋಗಿ ನೋಡುವ ಹೊಣೆಯನ್ನು ಪಂಚಾಯತಿಗಳಿಗೆ ವಹಿಸಿತು. ನಮ್ಮ ಕರ್ನಾಟಕದ ನಾರಾಯಣ ಹೃದಯಾಲಯದಲ್ಲಿ, ನೂರಾ ಹೆಲ್ತ್ ಎಂಬ ಸಂಸ್ಥೆಯ ನೆರವಿನಿಂದ, ರೋಗಿಯ ಮನೆಯವರನ್ನು ಕೂಡಿಸಿ ಆರೈಕೆಯ ಪಾಠ ಹೇಳುವ ಪದ್ಧತಿ ಬೆಳೆಯಿತು. ಬಾಗಿಲಲ್ಲಿ ಕಾಯುತ್ತ ಕೂಡುವ ಬಂಧುಗಳೇ ಅಲ್ಲಿ ವಿದ್ಯಾರ್ಥಿಗಳು. ಎಂಥ ಸರಳ ಉಪಾಯ!

ವಿದ್ಯಾರ್ಥಿ ಮಿತ್ರರೇ, ನಿಮಗೂ ಇದರಲ್ಲಿ ಪಾಲುಂಟು. ಕನ್ನಡದಲ್ಲಿ ಓದಿ, ಮರಾಠಿ ಇಂಗ್ಲಿಷುಗಳನ್ನೂ ಕಲಿಯುವ ನಿಮ್ಮಂಥವರು ಮನೆಯಲ್ಲಿ ಮತ್ತಾರಿದ್ದಾರೆ? ಎರಡು ಗಡಿಗಳ ನಡುವೆ ಸಿಕ್ಕಿದ್ದೇವೆಂದು ಕೆಲವರು ಮರುಗುತ್ತಾರೆ. ಕಲಿತ ಮೂರು ಭಾಷೆ ಒಬ್ಬ ಮುದುಕಿಯ ಜೀವ ಉಳಿಸುವುದಾದರೆ ಅದು ನಮ್ಮ ಭಾಗ್ಯವೇ ಸರಿ. ಮನೆಗೆ ಯಾರಾದರೂ ದವಾಖಾನೆಯಿಂದ ಬಂದರೆ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಕನ್ನಡದ ಪಟ್ಟಿ ಬರೆಯಿರಿ. ಓದು ಬಾರದವರಿಗಾಗಿ ಮುಂಜಾನೆಯ ಗುಳಿಗೆಯ ಮುಂದೆ ಏಳುವ ಸೂರ್ಯ, ರಾತ್ರಿಯದರ ಮುಂದೆ ಚಂದ್ರ. ಬರೆದುದನ್ನು ಹಿರಿಯರಿಗೆ, ಅಕ್ಕಪಕ್ಕದ ಆಶಾ ತಾಯಿಗೆ ತೋರಿಸಿರಿ. ಸಂಶಯ ಬಂದರೆ ಡಾಕ್ಟರನ್ನೇ ಕೇಳಬೇಕು. ನಿಮ್ಮಷ್ಟಕ್ಕೆ ಯಾವ ಗುಳಿಗೆಯನ್ನೂ ಬಿಡಿಸಬಾರದು, ಕೊಡಬಾರದು.

ಇನ್ನೊಂದು ಮಾತು. ಸೇವೆಯ ಭಾರವನ್ನು ಒಬ್ಬ ತಾಯಿಯ ಮೇಲೆಯೇ ಹೊರಿಸಬೇಡಿರಿ. ಗಂಡುಮಕ್ಕಳೂ ಅಜ್ಜನ ಮಗ್ಗುಲು ಬದಲಿಸಲಿ, ನೀರು ಕುಡಿಸಲಿ. ಶಾಲೆ ಬಿಟ್ಟು ಬಂದ ಮೇಲೆ ಹತ್ತು ನಿಮಿಷ ಹೊರಸಿನ ಬಳಿ ಕೂತು ಅಂದಿನ ಪಾಠ ಓದಿ ಹೇಳಿರಿ. ಔಷಧ ಡಾಕ್ಟರು ಕೊಡುತ್ತಾರೆ. ‘ನಾನು ಈ ಮನೆಗೆ ಇನ್ನೂ ಬೇಕಾದವನು’ ಎಂಬ ಧೈರ್ಯವನ್ನು ಮನೆಯವರೇ ಕೊಡಬೇಕು.